ನಾಯಿಯ ಉಣ್ಣಿಗೆ ಡ್ರಾಪ್ಸೋ, ಮಾತ್ರೆಯೋ, ಕಾಲರೋ?

ಬೆಂಗಳೂರಿನಲ್ಲಿ ಉಣ್ಣಿಯ ಕಾಟ ಬೇಸಿಗೆಯಲ್ಲಿ ಜಾಸ್ತಿ, ಡಿಸೆಂಬರ್ ಚಳಿಯಲ್ಲಿ ಕೊಂಚ ಕಡಿಮೆ, ಪೂರ್ತಿ ನಿಲ್ಲುವ ತಿಂಗಳಂತೂ ಇಲ್ಲ. ವರ್ಷವಿಡೀ ಒಂದಲ್ಲ ಒಂದು ಔಷಧಿ ಬೇಕೇ ಬೇಕು. ಎಲ್ಲ ಬಗೆಯನ್ನೂ ಬಳಸಿ ನೋಡಿದ ಮೇಲೆ ನಮ್ಮ ಅಭಿಪ್ರಾಯ ಇಷ್ಟು: ನಾಯಿಗೆ ಎಷ್ಟು ದಿನಕ್ಕೊಮ್ಮೆ ಸ್ನಾನ, ಅದರ ಜೊತೆ ಮನೆಯಲ್ಲಿ ಬೇರೆ ಯಾರ್‍ಯಾರಿದ್ದಾರೆ, ಇವೆರಡನ್ನು ಮೊದಲು ನೋಡಿ. ಬೆಲೆಯ ಮಾತು ಆಮೇಲೆ.

ಫಿಪ್ರೊನಿಲ್ ಇರುವ ಡ್ರಾಪ್ಸ್ ಯಾವ ಪೆಟ್ ಶಾಪಿನಲ್ಲೂ ಸಿಗುತ್ತದೆ. ಇದು ಚರ್ಮದ ಎಣ್ಣೆಯಲ್ಲಿ ಬೆರೆತು ಮೈಮೇಲೆಲ್ಲ ಹರಡುತ್ತದೆ. ಹಾಗಾಗಿ ಹಾಕುವ ಮುಂಚೆ ಎರಡು ದಿನ, ಹಾಕಿದ ಮೇಲೆ ಎರಡು ದಿನ ಸ್ನಾನ ಬೇಡ. ಶಾಂಪೂ ತಿಕ್ಕಿ ಎಣ್ಣೆಯನ್ನೆಲ್ಲ ತೆಗೆದರೆ ಔಷಧಿ ಹರಡುವುದಾದರೂ ಹೇಗೆ? ಹೆಗಲ ಮೂಳೆಗಳ ನಡುವೆ, ನಾಲಿಗೆ ಎಟುಕದ ಜಾಗದಲ್ಲಿ, ಬೈತಲೆ ತೆಗೆದ ಹಾಗೆ ಕೂದಲು ಬಿಡಿಸಿ, ಚರ್ಮ ಕಂಡ ಮೇಲೆ ಪಿಪೆಟ್ ತುದಿಯನ್ನು ಅದಕ್ಕೇ ತಾಗಿಸಿ ಹಿಂಡಬೇಕು. ಎಷ್ಟೋ ಜನ ಎಡವುವುದು ಇಲ್ಲೇ. ಗೋಲ್ಡನ್ ರಿಟ್ರೀವರ್‌ನಂಥ ದಟ್ಟ ಕೂದಲಿನ ನಾಯಿಗೆ ಮೇಲಿಂದಲೇ ಸುರಿದರೆ ಔಷಧಿ ಕೂದಲಲ್ಲೇ ಒಣಗಿ ಅಂಟು ಜಡೆಯಾಗುತ್ತದೆ, ಚರ್ಮ ಮುಟ್ಟುವುದೇ ಇಲ್ಲ. ಉಣ್ಣಿಗೆ ಇದರ ಅವಧಿ ನಾಲ್ಕು ವಾರ ಎನ್ನುತ್ತಾರೆ; ವಾರಕ್ಕೊಮ್ಮೆ ಸ್ನಾನ ಮಾಡಿಸುವ ಮನೆಯಲ್ಲಿ ಮೂರನೇ ವಾರಕ್ಕೇ ಹಿಡಿತ ಸಡಿಲವಾಗುತ್ತದೆ. ಮನೆಯಲ್ಲಿ ಬೆಕ್ಕಿದ್ದರೆ ಡಬ್ಬಿಯ ಹಿಂದೆ ಓದಿ: ನಾಯಿಯ ಕೆಲವು ಡ್ರಾಪ್ಸ್‌ನಲ್ಲಿ ಪರ್ಮೆಥ್ರಿನ್ ಇರುತ್ತದೆ, ಅದು ಬೆಕ್ಕಿನ ಪ್ರಾಣಕ್ಕೇ ಕುತ್ತು. ಮೊಲ ಇದ್ದರೆ ಫಿಪ್ರೊನಿಲ್ ಅದಕ್ಕೆ ತಾಗಕೂಡದು.

ಮಾತ್ರೆಗಳಲ್ಲಿ ಫ್ಲುರಾಲನರ್ ಇರುವ ಬ್ರಾವೆಕ್ಟೊ 12 ವಾರ, ಅಫಾಕ್ಸೊಲನರ್ ಇರುವ ನೆಕ್ಸ್‌ಗಾರ್ಡ್ ಒಂದು ತಿಂಗಳು ಕೆಲಸ ಮಾಡುತ್ತದೆ. ಸ್ನಾನದ ಚಿಂತೆಯಿಲ್ಲ, ಮಗು ನಾಯಿಯನ್ನು ತಬ್ಬಿದರೂ ಕೈಗೆ ಔಷಧಿ ಹತ್ತುವುದಿಲ್ಲ. ಫ್ಲ್ಯಾಟಿನಲ್ಲಿ, ಚಿಕ್ಕ ಮಕ್ಕಳ ಜೊತೆ ಬೆಳೆಯುವ ನಾಯಿಗೆ ನಮ್ಮ ಓಟು ಇದಕ್ಕೇ. ಬ್ರಾವೆಕ್ಟೊವನ್ನು ಊಟದ ಜೊತೆಗೇ ಕೊಡಿ. ಖಾಲಿ ಹೊಟ್ಟೆಗೆ ಕೊಟ್ಟರೆ ಮೈಗೆ ಸರಿಯಾಗಿ ಹಿಡಿಯುವುದಿಲ್ಲ. ತೂಕ ಅಳೆದೇ ಕೊಳ್ಳಿ. 20ರಿಂದ 40 ಕೆಜಿಯ ಮಾತ್ರೆಯನ್ನು ಮುರಿದು ಎರಡು ಸಣ್ಣ ನಾಯಿಗಳಿಗೆ ಹಂಚುವ ಉಳಿತಾಯ ದಯವಿಟ್ಟು ಬೇಡ, ಅದು ಮುರಿದು ಕೊಡುವ ಮಾತ್ರೆಯೇ ಅಲ್ಲ. ಫಿಟ್ಸ್ ಬಂದ ಇತಿಹಾಸವಿರುವ ನಾಯಿಗೆ ಈ ಗುಂಪಿನ ಮಾತ್ರೆ ಕೊಡುವ ಮುಂಚೆ ಡಾಕ್ಟರನ್ನು ಕೇಳಲೇಬೇಕು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಈ ಬಗ್ಗೆ ಎಚ್ಚರಿಸಿದೆ.

ಒಂದು ವಿಷಯ ಮಾತ್ರ ಗೊತ್ತಿರಲಿ. ಉಣ್ಣಿ ಕಚ್ಚಿ ರಕ್ತ ಹೀರಿದರೆ ಮಾತ್ರ ಮಾತ್ರೆಯ ವಿಷ ಅದಕ್ಕೆ ತಾಗುತ್ತದೆ. ಮಾತ್ರೆ ಕೊಟ್ಟ ಮೇಲೂ ಕಿವಿಯಲ್ಲಿ ಒಣಗಿ ಸತ್ತ ಉಣ್ಣಿ ಕಂಡರೆ ಔಷಧಿ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಆದರೆ ಉಣ್ಣಿ ಜ್ವರ ತರುವ ಎರ್ಲಿಕಿಯಾ ರೋಗಾಣು ಉಣ್ಣಿ ಕಚ್ಚಿದ ಕೆಲವೇ ಗಂಟೆಗಳಲ್ಲಿ ನಾಯಿಯ ರಕ್ತ ಸೇರಬಲ್ಲದು. ಹಾಗಾಗಿ ಮಾತ್ರೆ ಕೊಟ್ಟಿದ್ದರೂ ವಾಕಿಂಗ್ ಮುಗಿಸಿ ಬಂದ ಕೂಡಲೇ ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕಂಕುಳಲ್ಲಿ, ಕತ್ತಿನ ಪಟ್ಟಿಯ ಕೆಳಗೆ ಬೆರಳಾಡಿಸಿ ನೋಡಿ. ಸಿಕ್ಕರೆ ಚಿಮಟದಿಂದ ಚರ್ಮಕ್ಕೆ ಹತ್ತಿಸಿ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡವೇ ಬೇಡ. ಕಿತ್ತದ್ದನ್ನು ಉಗುರಲ್ಲಿ ಹೊಸಕದೆ ಸ್ಪಿರಿಟ್‌ನಲ್ಲಿ ಹಾಕಿ.

ಫ್ಲುಮೆಥ್ರಿನ್ ಅಥವಾ ಡೆಲ್ಟಾಮೆಥ್ರಿನ್ ಇರುವ ಕಾಲರ್‌ನ ಹೆಚ್ಚುಗಾರಿಕೆ ಇದೇ ಜಾಗದಲ್ಲಿದೆ: ಉಣ್ಣಿ ಕಚ್ಚುವ ಮೊದಲೇ ಅದನ್ನು ಬಹುಮಟ್ಟಿಗೆ ದೂರವಿಡುತ್ತದೆ, ತಿಂಗಳುಗಟ್ಟಲೆ ಬಾಳುತ್ತದೆ. ಕತ್ತಿಗೂ ಕಾಲರ್‌ಗೂ ನಡುವೆ ಎರಡು ಬೆರಳು ಹೋಗುವಷ್ಟೇ ಜಾಗವಿರಲಿ; ಸಡಿಲವಾಗಿ ಜೋತಾಡಿದರೆ ಔಷಧಿ ಮೈಗಿಳಿಯುವುದಿಲ್ಲ. ಒಂದನ್ನೊಂದು ಕಚ್ಚಿ ಆಡುವ ಎರಡು ನಾಯಿಗಳಿದ್ದರೆ, ಕಾಲರ್ ಹಿಡಿದೆಳೆಯುವ ಪುಟ್ಟ ಮಗುವಿದ್ದರೆ ಬೇಡ.

ನೀರಿಗೆ ಬೆರೆಸಿ ಮೈಗೆ ಹಚ್ಚುವ ಔಷಧಿ ಅಮಿಟ್ರಾಜ್ ಎಲ್ಲಕ್ಕಿಂತ ಅಗ್ಗ. 12.5% ದ್ರಾವಣವಾದರೆ ಉಣ್ಣಿಗೆ ಲೀಟರ್ ನೀರಿಗೆ 2 ಮಿ.ಲೀ., ಮೈಗೆ ಹಚ್ಚಿ ತೊಳೆಯದೆ ಒಣಗಿಸಬೇಕು, ಒಣಗುವವರೆಗೂ ನೆಕ್ಕಬಾರದು. ನೆಕ್ಕಿದರೆ ಮಂಕು, ನಿಧಾನ ಎದೆಬಡಿತ, ಮೈ ತಣ್ಣಗಾಗುವುದು. ಮರಿಗೂ ಸಕ್ಕರೆ ಕಾಯಿಲೆಯ ನಾಯಿಗೂ ಕೂಡದು. ಮಾತ್ರೆ ಕೈಗೆಟುಕುವವರಿಗೆ ಇದರ ಸಹವಾಸ ಬೇಕಿಲ್ಲ ಎಂದೇ ನಮ್ಮ ಅನಿಸಿಕೆ.

ಯಾವುದನ್ನು ಹಾಕಿದರೂ ಗೋಡೆ ಬಿಟ್ಟರೆ ಕೆಲಸ ಅರ್ಧ. ನಮ್ಮೂರಿನ ಕಂದು ಉಣ್ಣಿ ಮನೆಯೊಳಗೇ ಸಂಸಾರ ಹೂಡುವ ಜಾತಿ. ರಕ್ತ ಕುಡಿದು ಊದಿದ ಹೆಣ್ಣು ಕೆಳಗುದುರಿ, ಗೋಡೆ ಹತ್ತಿ, ಕಿಟಕಿ ಚೌಕಟ್ಟಿನ ಸಂದಿಯಲ್ಲೋ ಪರದೆಯ ಮಡಿಕೆಯಲ್ಲೋ ಸಾವಿರಗಟ್ಟಲೆ ಮೊಟ್ಟೆಯಿಡುತ್ತದೆ. ಬಿರುಕುಗಳಿಗೆ ಪುಟ್ಟಿ ತುಂಬಿ, ನಾಯಿಯ ಹಾಸಿಗೆಯನ್ನು ವಾರವಾರ ಬಿಸಿನೀರಿನಲ್ಲಿ ಒಗೆಯಿರಿ, ಸೋಫಾ ಸಂದಿಗೆ ವ್ಯಾಕ್ಯೂಮ್ ಹಾಕಿ. ಉಣ್ಣಿ ಊಟವಿಲ್ಲದೆ ತಿಂಗಳುಗಟ್ಟಲೆ ಬದುಕುವುದರಿಂದ ಕನಿಷ್ಠ ಮೂರು ತಿಂಗಳು ಇದನ್ನು ಬಿಡಬೇಡಿ.

ಉಣ್ಣಿ ಕಂಡ ಒಂದರಿಂದ ಮೂರು ವಾರದೊಳಗೆ ನಾಯಿ ಊಟ ಬಿಟ್ಟರೆ, ಜ್ವರ 103 ಡಿಗ್ರಿ ದಾಟಿದರೆ, ಒಸಡು ಬಿಳಿಚಿದರೆ, ಮೂಗಿನಲ್ಲಿ ರಕ್ತ ಬಂದರೆ ಅಥವಾ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದೇ ದಿನ ಹತ್ತಿರದ ಪಶುವೈದ್ಯರ ಬಳಿಗೋ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಕರೆದೊಯ್ದು, ಪ್ಲೇಟ್‌ಲೆಟ್ ಎಣಿಕೆಯ ಜೊತೆ ರಕ್ತದ ಸ್ಮಿಯರ್ (ಗಾಜಿನ ಮೇಲೆ ರಕ್ತ ಸವರಿ ರೋಗಾಣು ಹುಡುಕುವ) ಪರೀಕ್ಷೆಯನ್ನೂ ಕೇಳಿ ಮಾಡಿಸಿ.