ಗಾಜಿನ ಬಾಗಿಲಿನ ಅಂಗಡಿಯಲ್ಲಿ ಕಾಫಿಪುಡಿ ಕೊಳ್ಳುವ ಮುನ್ನ

ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನಾನು ಹಾಸನದವನು, ಸಕಲೇಶಪುರದ ತೋಟಗಳು ನಮ್ಮ ಜಿಲ್ಲೆಯಲ್ಲೇ ಇವೆ. ಅಂಥವನು ಚಿಕ್ಕಮಗಳೂರಿಗೆ ಹೋಗಿ ಕಾಫಿಪುಡಿಯಲ್ಲೇ ಟೋಪಿ ಹಾಕಿಸಿಕೊಂಡು ಬಂದೆ.

ಕಳೆದ ತಿಂಗಳು ಅಕ್ಕ, ಭಾವನ ಜೊತೆ ಮುಳ್ಳಯ್ಯನಗಿರಿ ಹತ್ತಿಳಿದು ಸಂಜೆ ಎಂ.ಜಿ. ರಸ್ತೆಗೆ ಬಂದೆವು. ಶನಿವಾರ, ಕಾರು ನಿಲ್ಲಿಸುವ ಜಾಗ ಹುಡುಕುವುದರಲ್ಲೇ ಅರ್ಧ ಗಂಟೆ ಹೋಯಿತು. ಪ್ರವಾಸಿಗರಿಗೆಂದೇ ಸಿಂಗರಿಸಿದ ಒಂದು ಮಳಿಗೆ ಕಣ್ಣಿಗೆ ಬಿತ್ತು: ಗಾಜಿನ ಬಾಗಿಲು, ಎ.ಸಿ., ಗೋಣಿಚೀಲಗಳಲ್ಲಿ ಹುರಿದ ಬೀಜ. ಹೆಸರು ಬೇಡ. ಮಾರಾಟದ ಹುಡುಗ ಒಂದು ಹಿಡಿ ಬೀಜವನ್ನು ಭಾವನ ಅಂಗೈಗೆ ಸುರಿದು, “ಬಾಬಾಬುಡನ್‌ಗಿರಿ ಅರೇಬಿಕಾ ಸಾರ್, ಚಿಕೋರಿ ಒಂದು ಚೂರೂ ಇಲ್ಲ” ಎಂದ. ಚಿಕೋರಿಯೆಂದರೆ ಕಾಫಿಪುಡಿಗೆ ಬೆರೆಸುವ ಒಂದು ಬೇರಿನ ಪುಡಿ. 2019ರಲ್ಲಿ ಅದಕ್ಕೆ ಸಿಕ್ಕ ಭೌಗೋಳಿಕ ಸೂಚಿಕೆಯ, ಅಂದರೆ ಆ ನೆಲದ ಬೆಳೆಗಷ್ಟೇ ಸಲ್ಲುವ ಜಿ.ಐ. ಗುರುತಿನ ಮಾತೂ ಬಂತು, ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದ ಕಥೆಯೂ ಬಂತು. ಬೀಜ ಯಂತ್ರಕ್ಕೆ ಬಿದ್ದಾಗ ಅಂಗಡಿಯೆಲ್ಲ ಘಮಘಮ. ಮೂವರೂ ಅದನ್ನೇ ನೋಡುತ್ತ ನಿಂತೆವು. ನಮ್ಮ ಚೀಲಕ್ಕೆ ಇಳಿದದ್ದು ಮಾತ್ರ ಕೌಂಟರಿನ ಕೆಳಗಿನಿಂದ ಬಂದ, ಮೊದಲೇ ಅಂಟಿಸಿಟ್ಟಿದ್ದ ಅರ್ಧ ಕೆ.ಜಿ.ಯ ಎರಡು ಪೊಟ್ಟಣ. ಒಟ್ಟು 1,400 ರೂಪಾಯಿ. ಕೈಗೆ ತಣ್ಣಗೆ ತಾಗಿದ್ದವು. ಆಗತಾನೆ ಬೀಸಿದ ಪುಡಿ ಬೆಚ್ಚಗಿರುತ್ತದೆ ಎಂಬುದು ನನಗೆ ಹೊಳೆದದ್ದು ಬೇಲೂರು ದಾಟಿದ ಮೇಲೆ.

ಮಾರನೆಯ ಬೆಳಿಗ್ಗೆ ಅಕ್ಕನ ಫಿಲ್ಟರಿನಿಂದ ಡಿಕಾಕ್ಷನ್ ಟಾರಿನಂತೆ ಕಪ್ಪಗೆ, ಮಂದವಾಗಿ ಇಳಿಯಿತು. ಅವಳು ಮಾತಾಡದೆ ಗಾಜಿನ ಲೋಟದಲ್ಲಿ ತಣ್ಣೀರು ತಂದು ಒಂದು ಚಮಚ ಪುಡಿ ಉದುರಿಸಿದಳು. ಕಾಫಿ ತೇಲುತ್ತದೆ, ಚಿಕೋರಿ ಮುಳುಗುತ್ತದೆ. ನೋಡುತ್ತಿದ್ದಂತೆಯೇ ಕಂದು ಎಳೆಗಳು ಬಾಲ ಬಿಡುತ್ತ ತಳಕ್ಕಿಳಿದವು. ಪೊಟ್ಟಣದ ಹಿಂದೆ, ಅಂಗಡಿಯ ಚಂದದ ಚೀಟಿಯನ್ನು ಕಿತ್ತಾಗ, ಇರುವೆಯಂಥ ಅಕ್ಷರ: ಕಾಫಿ ಶೇ 55, ಚಿಕೋರಿ ಶೇ 45.

ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರಬಾರದು, ಪ್ರಮಾಣ ಮುದ್ರಿಸಲೇಬೇಕು ಎನ್ನುತ್ತದೆ ನಿಯಮ. ಮುದ್ರಿಸಿದ್ದರು, ಮೇಲೆ ಚೀಟಿ ಮೆತ್ತಿದ್ದರು. ಚಿಕೋರಿ ವಿಷವೇನಲ್ಲ, ನಮ್ಮ ಮನೆಯಲ್ಲೂ ವರ್ಷಗಟ್ಟಲೆ ಎಂಬತ್ತು–ಇಪ್ಪತ್ತರ ಪುಡಿಯನ್ನೇ ಕುಡಿದಿದ್ದೇವೆ. ಬೇರಿನ ಪುಡಿಗೆ ಅರೇಬಿಕಾದ ಬೆಲೆ ತೆತ್ತೆನಲ್ಲ ಎಂಬುದೇ ಹೊಟ್ಟೆಯುರಿ.

ಅಂಗಡಿಗೆ ಫೋನ್ ಮಾಡಿದರೆ “ಬಿಲ್ ಇದೆಯೇ?” ಎಂದರು. ಇದ್ದದ್ದು ಮೊತ್ತವಷ್ಟೇ ಗೀಚಿದ ಬಿಳಿ ಚೀಟಿ. ಬಿಲ್ ಕೊಡದಿರುವುದೇ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಎಂದು ಆಮೇಲೆ ತಿಳಿಯಿತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ.

ಆ ಕಡೆ ಹೋಗುವವರು ಬೀಜವನ್ನೇ ಕೊಳ್ಳಿ. ಪುಡಿಯೇ ಬೇಕಿದ್ದರೆ ಯಂತ್ರದಿಂದ ಪೊಟ್ಟಣಕ್ಕೆ ಬೀಳುವವರೆಗೆ ಕಣ್ಣು ಕೀಳಬೇಡಿ. ಕಥೆ ಕಿವಿಗೆ ಬೀಳುತ್ತಿರಲಿ. ಅಂಗಡಿಯ ಹೆಸರಿರುವ ಬಿಲ್ ಕೈಗೆ ಬಂದ ಮೇಲೆ ಹಣ ಕೊಡಿ.

ಎರಡನೆಯ ಪೊಟ್ಟಣ ಇನ್ನೂ ಅಕ್ಕನ ಮನೆಯ ಅಟ್ಟದಲ್ಲಿದೆ. ಸಾಕ್ಷಿಗೆ ಬೇಕಾಗುತ್ತದೆಂದು ಭಾವ ಮುಟ್ಟಲು ಬಿಡುತ್ತಿಲ್ಲ.