‘ಸ್ನಾಯುವಿನ ಸ್ವಿಚ್’ ಒತ್ತುವ ಪುಡಿ: ಮೂರು ತಿಂಗಳ ಅನುಭವ

ಕಾಲಿನ ಪ್ಲಾಸ್ಟರ್ ಬಿಚ್ಚಿದ ದಿನ ನನಗೆ ಗಾಬರಿಯಾದದ್ದು ತೊಡೆ ನೋಡಿ. ಮಂಡಿಚಿಪ್ಪಿನಿಂದ 15 ಸೆಂ.ಮೀ. ಮೇಲೆ ಟೇಪು ಸುತ್ತಿದರೆ ಬಲತೊಡೆ ಎಡತೊಡೆಗಿಂತ 4 ಸೆಂ.ಮೀ. ಸಣ್ಣ. ಆರು ವಾರ ಅಲುಗಾಡದೆ ಇದ್ದದ್ದರ ಫಲ. ನನಗೀಗ 61 ವರ್ಷ. ಬಹಳ ವರ್ಷ ಜೀವಶಾಸ್ತ್ರ ಪಾಠ ಹೇಳಿದವಳು. ಬಳಸದ ಸ್ನಾಯು ಕರಗುತ್ತದೆ ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ, ನನ್ನದೇ ಕಾಲಿನಲ್ಲಿ ನೋಡಿದಾಗ ಅಳು ಬಂತು.

ಅದೇ ವಾರ ಮಗ ಒಂದು ಡಬ್ಬಿ ತಂದ. “ಅಮ್ಮಾ, ಇದನ್ನ ದಿನಾ ಕುಡಿ, ಜಿಮ್‌ನಲ್ಲಿ ಎಲ್ಲರೂ ಕುಡೀತಾರೆ” ಅಂದ. ಬಿಸಿಎಎ ಪುಡಿ, ಅಂದರೆ ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಎಂಬ ಮೂರು ಅಮೈನೋ ಆಮ್ಲಗಳ ಮಿಶ್ರಣ. ಒಂದು ಚಮಚಕ್ಕೆ 5 ಗ್ರಾಂ, ಅದರಲ್ಲಿ ಅರ್ಧ ಲ್ಯೂಸಿನ್. ಮುಚ್ಚಳದ ಕೆಳಗೆ ದಪ್ಪಕ್ಷರದಲ್ಲಿ, ಇದು ‘ಎಂಟಾರ್ ಸ್ವಿಚ್’ ಒತ್ತಿ ಸ್ನಾಯು ಕಟ್ಟುತ್ತದೆ ಅಂತ. ಕಂಪನಿಯ ಹೆಸರು ಹೇಳುವುದಿಲ್ಲ, ಇಂಥ ಮಾತು ಬಹಳ ಡಬ್ಬಿಗಳ ಮೇಲಿದೆ.

ರುಚಿ ಕಹಿ. ಹಣ್ಣಿನ ವಾಸನೆ ಎಷ್ಟು ಹಾಕಿದ್ದರೂ ಗುಟುಕಿನ ಕೊನೆಗೆ ನಾಲಿಗೆಯ ಮೇಲೆ ಕಹಿಯೇ ಉಳಿಯುತ್ತದೆ. ನೀರಿನಲ್ಲಿ ಪೂರ್ತಿ ಕರಗುವುದೂ ಇಲ್ಲ, ಮೇಲೆ ನೊರೆಯಂತೆ ತೇಲುತ್ತದೆ. ಇಷ್ಟು ಸಾಕು, ನಾನು ಬರೆಯಲು ಕೂತದ್ದು ಆ ‘ಸ್ವಿಚ್’ ಬಗ್ಗೆ.

ಡಬ್ಬಿಯ ಮಾತು ಸುಳ್ಳಲ್ಲ, ಅದೇ ಕಷ್ಟ. ಜೀವಕೋಶದೊಳಗೆ ಎಂಟಾರ್ ಎಂಬ ಪ್ರೋಟೀನ್ ನಿಜಕ್ಕೂ ಇದೆ. ಲ್ಯೂಸಿನ್ ಬಂದದ್ದನ್ನು ಸೆಸ್ಟ್ರಿನ್2 ಎಂಬ ಇನ್ನೊಂದು ಪ್ರೋಟೀನ್ ಗುರುತಿಸುತ್ತದೆ. ಆಗ ಎಂಟಾರ್ ಚುರುಕಾಗುತ್ತದೆ. 4ಇ-ಬಿಪಿ1 ಎಂಬ ತಡೆ ಸರಿಯುತ್ತದೆ, ಪ್ರೋಟೀನ್ ಜೋಡಿಸುವ ರೈಬೊಸೋಮ್‌ಗಳು ಕೆಲಸಕ್ಕೆ ಕೂರುತ್ತವೆ. ಈ ಹೆಸರಿನ ಹಿಂದೊಂದು ಚೆಂದದ ಕಥೆಯೂ ಇದೆ: ಈಸ್ಟರ್ ದ್ವೀಪದ ಮಣ್ಣಿನಲ್ಲಿದ್ದ ಬ್ಯಾಕ್ಟೀರಿಯಾದಿಂದ ಸಿಕ್ಕ ಔಷಧಕ್ಕೆ, ಆ ದ್ವೀಪದ ಸ್ಥಳೀಯ ಹೆಸರು ರಾಪಾ ನೂಯಿ ಆದ್ದರಿಂದ, ರಾಪಾಮೈಸಿನ್ ಎಂದು ಹೆಸರಿಟ್ಟರು. ಆ ಔಷಧ ಹೋಗಿ ಹಿಡಿದು ತಡೆಯುವ ಗುರಿಯೇ ಎಂಟಾರ್. 2009ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಯುವಕರಿಗೆ ರಾಪಾಮೈಸಿನ್ ಕೊಟ್ಟು ಭಾರದ ವ್ಯಾಯಾಮ ಮಾಡಿಸಿದರು. ವ್ಯಾಯಾಮದ ನಂತರ ಸ್ನಾಯುವಿನಲ್ಲಿ ಏರಬೇಕಿದ್ದ ಪ್ರೋಟೀನ್ ತಯಾರಿಕೆ ಏರಲಿಲ್ಲ. ಹಾಗಾಗಿ ಸ್ವಿಚ್ ಇದೆ, ಲ್ಯೂಸಿನ್ ಅದನ್ನು ಒತ್ತುತ್ತದೆ.

ಆದರೆ ಒತ್ತಿದ ಮೇಲೆ ಏನಾಗಬೇಕು? ನಮ್ಮಪ್ಪ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದರು. ಚಿಕ್ಕವಳಿದ್ದಾಗ ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಯಜಮಾನರು ‘ಪುಟ ಬೇಗ ಆಗಲಿ’ ಎಂದು ಕೂಗಿದರೂ, ಖಾನೆಯಲ್ಲಿ ಒಂದು ಅಕ್ಷರದ ಮೊಳೆ ಮುಗಿದಿದ್ದರೆ ಸಾಲು ಅಲ್ಲೇ ನಿಲ್ಲುತ್ತಿತ್ತು. ಆಗ ಅಪ್ಪ ಹಿಂದೆ ಜೋಡಿಸಿಟ್ಟ ಪುಟವೊಂದನ್ನು ಬಿಚ್ಚಿ ಅದರ ಮೊಳೆ ತೆಗೆಯುತ್ತಿದ್ದರು. ಸ್ನಾಯುವಿನಲ್ಲೂ ಹೀಗೆಯೇ. ಪ್ರೋಟೀನ್ ಜೋಡಿಸಲು ಇಪ್ಪತ್ತು ಬಗೆಯ ಅಮೈನೋ ಆಮ್ಲ ಬೇಕು, ಅದರಲ್ಲಿ 9 ಆಹಾರದಿಂದಲೇ ಬರಬೇಕು. ನನ್ನ ಡಬ್ಬಿಯಲ್ಲಿದ್ದದ್ದು ಮೂರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಅದನ್ನಷ್ಟೇ ಕುಡಿದರೆ ಉಳಿದ ಆರು ಎಲ್ಲಿಂದ ಬರಬೇಕು? ಬಹುಪಾಲು, ಇರುವ ಸ್ನಾಯುವನ್ನೇ ಬಿಚ್ಚಿ. ಕರಗಿದ ತೊಡೆಯನ್ನು ಕಟ್ಟಿಕೊಳ್ಳಲು ಹೊರಟ ನಾನು ಐದು ವಾರ ಇದನ್ನೇ ಮಾಡಿದೆ. ಟೇಪಿನಲ್ಲಿ ಹೆಚ್ಚಿದ್ದು ಅರ್ಧ ಸೆಂ.ಮೀ.

2017ರ ಒಂದು ಅಧ್ಯಯನದಲ್ಲಿ ವ್ಯಾಯಾಮದ ನಂತರ 5.6 ಗ್ರಾಂ ಬಿಸಿಎಎ ಕುಡಿದ ಯುವಕರಲ್ಲಿ ಪ್ರೋಟೀನ್ ತಯಾರಿಕೆ, ಅದಿಲ್ಲದ ಪೇಯ ಕುಡಿದಾಗಿನದಕ್ಕಿಂತ 22% ಹೆಚ್ಚಿತ್ತು. ಪುಡಿ ಏನೂ ಮಾಡುವುದಿಲ್ಲ ಎಂದರೆ ನಾನೂ ತಪ್ಪು ಹೇಳಿದಂತೆ. ಆದರೆ ಪೂರ್ತಿ ಪ್ರೋಟೀನ್ ಕುಡಿದಾಗ ಸಿಗುವ ಏರಿಕೆ ಇದಕ್ಕಿಂತ ದೊಡ್ಡದು. 25 ಗ್ರಾಂ ವೇ ಪ್ರೋಟೀನಿನಲ್ಲಿ (ಹಾಲು ಒಡೆದಾಗ ಉಳಿಯುವ ತಿಳಿನೀರಿನಿಂದ ತೆಗೆದದ್ದು) ಸುಮಾರು ಎರಡೂವರೆ ಗ್ರಾಂ ಲ್ಯೂಸಿನ್ ಹೇಗೂ ಇರುತ್ತದೆ, ಜೊತೆಗೆ ಉಳಿದ ಎಂಟೂ. ಅಂದಮೇಲೆ ಮೂರನ್ನಷ್ಟೇ ಬೇರೆಯಾಗಿ ಯಾಕೆ ಕೊಳ್ಳಬೇಕು?

ಫಿಸಿಯೋಥೆರಪಿಸ್ಟ್ ಹುಡುಗಿ ನನ್ನ ಲೆಕ್ಕದ ಪುಸ್ತಕ ನೋಡಿ, “ಮೇಡಂ, ಕಾಲಿಗೆ ಭಾರವೇ ಕೊಡ್ತಿಲ್ಲವಲ್ಲ ನೀವು” ಅಂದಳು. ಸರಿಯಾಗಿ ಹಿಡಿದಳು. ಭಾರ ಬಿದ್ದಾಗ ಸ್ನಾಯು ತಾನೇ ಎಂಟಾರ್ ಅನ್ನು ಎಬ್ಬಿಸುತ್ತದೆ, ಆಮೇಲೆ ಒಂದೆರಡು ದಿನ ಊಟದ ಪ್ರೋಟೀನಿಗೆ ಹೆಚ್ಚು ಸ್ಪಂದಿಸುತ್ತದೆ. ಅಲುಗಾಡದ ಕಾಲಿನಲ್ಲಿ ಅದೇ ಪ್ರೋಟೀನಿಗೆ ಸ್ಪಂದನ ಮಂಕಾಗುತ್ತದೆ. ಕೆಡವುವ ಕೆಲಸಕ್ಕೂ ಅದರದೇ ವ್ಯವಸ್ಥೆ ಇದೆ. ಆಕ್ಟ್ ಎಂಬ ಸಂಕೇತ ಇಳಿದರೆ ಫಾಕ್ಸ್ಒ ಎಂಬ ಪ್ರೋಟೀನ್ ಕೋಶಕೇಂದ್ರಕ್ಕೆ ಹೋಗಿ, ಆಟ್ರೋಜಿನ್-1, ಮರ್ಫ್1 ಎಂಬ ಜೀನ್‌ಗಳನ್ನು ಎಬ್ಬಿಸುತ್ತದೆ. ಅವು ಸ್ನಾಯುವಿನ ಪ್ರೋಟೀನಿಗೆ ‘ಒಡೆಯಬಹುದು’ ಎಂಬ ಗುರುತು ಹಚ್ಚುತ್ತವೆ. ಇದ್ಯಾವುದೂ ಡಬ್ಬಿಯ ಮೇಲಿಲ್ಲ.

ವಯಸ್ಸಿನ ಮಾತೂ ಇಲ್ಲ. ಒಂದು ಹೊತ್ತಿಗೆ ಯುವಕರಿಗೆ ಕೆಜಿ ತೂಕಕ್ಕೆ 0.24 ಗ್ರಾಂ ಪ್ರೋಟೀನ್ ಸಾಕಾದರೆ, ಹಿರಿಯ ಪುರುಷರಿಗೆ ಸುಮಾರು 0.4 ಗ್ರಾಂ ಬೇಕಾಯಿತೆಂದು 2015ರ ಒಂದು ವಿಶ್ಲೇಷಣೆ ಹೇಳಿತು. ಹೆಂಗಸಾದ ನಾನು ಅದನ್ನೇ ಅಂದಾಜಿಗೆ ಹಿಡಿದೆ: 60 ಕೆಜಿಗೆ ಹೊತ್ತಿಗೆ 24 ಗ್ರಾಂ. ಐದು ಗ್ರಾಂ ಪುಡಿ ಎಲ್ಲಿ, ಇದೆಲ್ಲಿ!

ಆರನೇ ವಾರದಿಂದ ಬದಲಿಸಿದೆ. ವಾರಕ್ಕೆ ಮೂರು ದಿನ ಕಾಲಿಗೆ ತೂಕ ಕಟ್ಟಿ ವ್ಯಾಯಾಮ, ಪ್ರತಿ ಊಟದಲ್ಲೂ ಪ್ರೋಟೀನ್, ವ್ಯಾಯಾಮದ ದಿನ ವೇ. ಎಂಟು ವಾರದಲ್ಲಿ ಎರಡು ತೊಡೆಗಳ ಅಂತರ ಒಂದೂವರೆ ಸೆಂ.ಮೀ.ಗೆ ಇಳಿಯಿತು. ಯಾವುದರ ಪಾಲು ಎಷ್ಟು ಎಂದು ಒಂದೇ ಕಾಲಿನಿಂದ ಬಿಡಿಸಲಾಗದು. ನನ್ನ ಊಹೆ ಕೇಳಿದರೆ ತೂಕದ್ದೇ ದೊಡ್ಡ ಪಾಲು.

ಈ ಪುಡಿಗೆ ನಾನು 5ಕ್ಕೆ 2 ಕೊಡುತ್ತೇನೆ. ಡಬ್ಬಿಯಲ್ಲಿ ಹೇಳಿದ ಅಳತೆ ಹೇಳಿದಂತೆಯೇ ಇತ್ತು, ಹೊಟ್ಟೆಗೆ ತೊಂದರೆ ಕೊಡಲಿಲ್ಲ, ಅದಕ್ಕೆ ಎರಡು. ಊಟದಲ್ಲಿ ಸಾಕಷ್ಟು ಪ್ರೋಟೀನ್ ಇರುವವರಿಗೆ ಇದು ಬೇಡ, ಇಲ್ಲದವರಿಗೆ ಇದು ಸಾಲದು. ಮೂತ್ರಪಿಂಡದ ತೊಂದರೆ ಇದ್ದವರು ಯಾವ ಪ್ರೋಟೀನ್ ಪುಡಿ ತೆಗೆದುಕೊಳ್ಳುವ ಮೊದಲೂ ವೈದ್ಯರನ್ನು ಕೇಳಿ. ಅರ್ಧ ಡಬ್ಬಿ ಇನ್ನೂ ಉಳಿದಿದೆ. ಮಗ ಅದನ್ನು ವಾಪಸ್ ಒಯ್ದ, ಕಾಲಿಗೆ ಕಟ್ಟುವ ಎರಡು ಕೆಜಿಯ ಪಟ್ಟಿ ತಂದುಕೊಟ್ಟ.