ಕ್ರೂಸ್ ಹೋಗುವವರೇ, ಇಳಿಯುವ ದಿನದ ಬಗ್ಗೆ ಮೊದಲೇ ಕೇಳಿಕೊಳ್ಳಿ. ನನಗೆ ಬಿದ್ದ ಟೋಪಿ ನಿಮಗೆ ಬೀಳುವುದು ಬೇಡ

ಬರೆಯಲು ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತೇನೆ.

ಕ್ರಿಸ್ಮಸ್ ರಜೆಯಲ್ಲಿ ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೋಗಿ ಬರುವ ಕ್ರೂಸ್. ಮೂರು ರಾತ್ರಿ. ನಾನು, ಹೆಂಡತಿ, ಅತ್ತೆ, ಮಗ. ತಿರುಗಾಟ ಚೆನ್ನಾಗಿಯೇ ಇತ್ತು. ಅಗತ್ತಿಯಲ್ಲಿ ಹಡಗು ದೂರವೇ ನಿಂತು, ನಮ್ಮನ್ನು ಸಣ್ಣ ಬೋಟಿಗೆ ಇಳಿಸಿದರು. ಅತ್ತೆ ದಡ ಮುಟ್ಟುವವರೆಗೆ ಕಣ್ಣೇ ಬಿಡಲಿಲ್ಲ. ಅದು ಬಿಡಿ. ನನ್ನ ಸಿಟ್ಟೆಲ್ಲ ಕೊನೆಯ ದಿನದ್ದು.

ಬುಕ್ ಮಾಡಿದ್ದು ಕಾಸರಗೋಡಿನ ಒಬ್ಬ ಏಜೆಂಟ್ ಮೂಲಕ. ಕನ್ನಡದವನೇ. ನಮ್ಮವನು ಅಂತ ನಂಬಿದ್ದೇ ತಪ್ಪಾಯಿತು. "ಮಾಷ್ಟ್ರೇ, ಎಲ್ಲ ಸೇರಿದೆ. ಇಳಿದ ಮೇಲೆ ಸ್ಟೇಷನ್‌ಗೆ ಡ್ರಾಪ್ ಕೂಡ ಇದೆ. ನೀವು ಬ್ಯಾಗ್ ಹಿಡ್ಕೊಂಡು ಬಂದ್ರೆ ಸಾಕು." ಎಲ್ಲ ಸೇರಿದೆ ಅಂತ ಮೂರು ಸಲ ಹೇಳಿದ. ನಾನು ಮೂರು ಸಲವೂ ತಲೆಯಾಡಿಸಿದೆ. ರೈಲು ಟಿಕೆಟ್ಟೂ ಅವನೇ ಮಾಡಿಕೊಟ್ಟ. ಇಳಿದ ದಿನವೇ, ಬೆಳಿಗ್ಗೆ ಹತ್ತೂವರೆ ಸುಮಾರಿನ ರೈಲು. "ಎಂಟೂವರೆಗೆಲ್ಲ ನೀವು ಹೊರಗೆ" ಅಂದಿದ್ದ.

ಕೊನೆಯ ರಾತ್ರಿ ದೊಡ್ಡ ಬ್ಯಾಗುಗಳಿಗೆಲ್ಲ ಬಣ್ಣದ ಟ್ಯಾಗ್ ಕಟ್ಟಿ, ಹನ್ನೊಂದರೊಳಗೆ ರೂಮಿನ ಹೊರಗೆ ಇಡಬೇಕು. ಮತ್ತೆ ಅದು ಕೈಗೆ ಸಿಗುವುದು ದಡಕ್ಕೆ ಇಳಿದ ಮೇಲೆಯೇ. ಅತ್ತೆಯ ಬಿಪಿ ಮಾತ್ರೆ ಅದರಲ್ಲೇ ಹೋಯಿತು. ಇದನ್ನು ಮೊದಲೇ ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಬೆಳಿಗ್ಗೆ ಐದು ಗಂಟೆಗೆ ಬಾಗಿಲ ಕೆಳಗೆ ಒಂದು ಕಾಗದ. ಬಿಲ್. 14,360 ರೂಪಾಯಿ! ಬೇರೆ ಯಾರದ್ದೋ ಇರಬೇಕು ಅಂದುಕೊಂಡು ಕೌಂಟರಿಗೆ ಓಡಿದೆ. ಅಲ್ಲಿ ನನ್ನಂಥವರದ್ದೇ ಉದ್ದ ಸಾಲು. ಸರ್ವಿಸ್ ಚಾರ್ಜ್, ಅಂದರೆ ಟಿಪ್ಸ್, ತಲೆಗೆ ರಾತ್ರಿಗೆ 600, ನಾಲ್ಕು ಜನ, ಮೂರು ರಾತ್ರಿ: 7,200. 'ಅದೂ ಫ್ರೀ ಮಾಷ್ಟ್ರೇ' ಅಂತ ಏಜೆಂಟ್ ಹೇಳಿದ್ದ, ಹಡಗಿನೊಳಗಿನ ಸ್ಪೆಷಲ್ ಹೋಟೆಲಿನ ಊಟ: 4,000. ಮಗ ಆಟದ ಮೆಷಿನ್‌ಗೆ ಕಾರ್ಡ್ ಉಜ್ಜಿದ್ದು 2,320. ರೂಮಿನ ಫ್ರಿಡ್ಜಿನ ನೀರು, ಜ್ಯೂಸು 840. ಮಗನದ್ದು, ಫ್ರಿಡ್ಜಿನದ್ದು ನಮ್ಮದೇ ತಪ್ಪು, ಒಪ್ಪುತ್ತೇನೆ. ಉಳಿದದ್ದು?

ಕೌಂಟರಿನ ಹುಡುಗಿ ನಗುತ್ತಲೇ ಒಂದು ಫಾರ್ಮ್ ತೋರಿಸಿದಳು. "ಸರ್, ಹತ್ತುವಾಗ ನೀವೇ ಸಹಿ ಹಾಕಿದ್ದೀರಿ." ನನ್ನದೇ ಸಹಿ. ಮಕ್ಕಳ ಪ್ರೋಗ್ರೆಸ್ ಕಾರ್ಡಿಗೆ ಹಾಕುವ ಅದೇ ಸಹಿ. ಓದದೆ ಸಹಿ ಹಾಕಬೇಡಿ ಅಂತ ಕ್ಲಾಸಿನಲ್ಲಿ ಹೇಳುವವನು ನಾನು. ಹಿಂದೆ ನಿಂತವರು ಕೆಮ್ಮುತ್ತಿದ್ದರು. ಸುಮ್ನೆ ಕಟ್ಟಿದೆ.

ಅಷ್ಟಕ್ಕೇ ಮುಗಿಯಲಿಲ್ಲ. ಹತ್ತುವಾಗ ಡೆಬಿಟ್ ಕಾರ್ಡಿನಲ್ಲಿ 20,000 ಹಿಡಿದಿಟ್ಟಿದ್ದರು. ಬಿಲ್ ಅದರಿಂದಲೇ ಹೋಗುತ್ತದೆ ಅಂದುಕೊಂಡಿದ್ದೆ. ಇಲ್ಲ, ಬಿಲ್ ಬೇರೆ ಕಡಿತ. ಹಿಡಿದದ್ದು ಬಿಡುಗಡೆ ಆಗಲು ಕೆಲವು ದಿನ ಬೇಕಂತೆ. ಅಕೌಂಟಿನಲ್ಲಿ ಉಳಿದದ್ದು ಸಾವಿರದ ಚಿಲ್ಲರೆ.

ಇಳಿಸುವುದೂ ಟ್ಯಾಗಿನ ಬಣ್ಣದ ಲೆಕ್ಕದಲ್ಲಿ. ನಮ್ಮ ಹಳದಿಯನ್ನು ಕರೆದಾಗ ಒಂಬತ್ತೂ ಮುಕ್ಕಾಲು. ಹೊರಗೆ ಬಂದರೆ ಲಿಸ್ಟ್ ಹಿಡಿದು ನಿಂತ ಡ್ರೈವರ್. "ಲಿಸ್ಟಿಲ್ ಪೇರಿಲ್ಲ, ಚೇಟ್ಟಾ." ಹೆಸರೇ ಇಲ್ಲ! ಬೇಕಿದ್ದರೆ 900 ಕೊಡಿ ಅಂದ. ಏಜೆಂಟಿಗೆ ಮೂರು ಸಲ ಫೋನ್ ಮಾಡಿದ ಮೇಲೆ ಎತ್ತಿದ.

"ಡ್ರಾಪ್ ಇದೆ ಅಂದದ್ದು ಹೌದು ಮಾಷ್ಟ್ರೇ. ಫ್ರೀ ಅಂತ ನಾನು ಎಲ್ಲಿ ಹೇಳಿದೆ?"

ಎಲ್ಲ ಸೇರಿದೆ ಅಂದಿದ್ದೆ ಅಲ್ವಾ ಎಂದೆ.

"ಅದು ರೂಮು, ಊಟ. ಟಿಪ್ಸ್ ಯಾರಾದ್ರೂ ಸೇರಿಸ್ತಾರಾ? ನೀವು ಓದಿದವರು, ನಿಮಗೆ ಗೊತ್ತಿರ್ತದೆ ಅಂದ್ಕೊಂಡೆ."

ಓದಿದವರು! ಈ ಮಾತು ಇನ್ನೂ ಕಿವಿಯಲ್ಲಿದೆ. 14,360ಕ್ಕಿಂತ ಜಾಸ್ತಿ ಉರಿದದ್ದು ಇದು.

900 ಕೊಟ್ಟೆವು. ವೆಂಡುರುತ್ತಿ ಸೇತುವೆ ದಾಟಿ ಡ್ರೈವರ್ ಬಿಟ್ಟದ್ದು ಎರ್ನಾಕುಲಂ ಸೌತ್ ಸ್ಟೇಷನ್ನಿಗೆ. ಟಿಕೆಟ್ ಇದ್ದದ್ದು ಎರ್ನಾಕುಲಂ ಟೌನಿನಿಂದ, ಅಂದರೆ ನಾರ್ತ್. ಏಜೆಂಟ್ ಹೇಳಲಿಲ್ಲ, ನಾನೂ ನೋಡಲಿಲ್ಲ. ರೈಲು ಹೋಯಿತು. ರಜೆಯ ರಶ್, ಯಾವುದರಲ್ಲೂ ಸೀಟಿಲ್ಲ. ಜನರಲ್ ಬೋಗಿಯಲ್ಲಿ ಅತ್ತೆ ಬ್ಯಾಗಿನ ಮೇಲೆ ಕೂತರು. ಶೊರನೂರು ದಾಟಿದ ಮೇಲೆ ಕಣ್ಣೂರಿನ ಒಬ್ಬ ಹೆಂಗಸು ತನ್ನ ಜಾಗ ಬಿಟ್ಟುಕೊಟ್ಟಳು. ಆ ತಾಯಿ ಚೆನ್ನಾಗಿರಲಿ. ಕಾಸರಗೋಡಿನಲ್ಲಿ ಇಳಿದಾಗ ಬದಿಯಡ್ಕದ ಬಸ್ಸೂ ಹೋಗಿಯಾಗಿತ್ತು. ಆಟೋದವನಿಗೆ ದುಡ್ಡು ಕೊಟ್ಟದ್ದು ಅತ್ತೆ, ಸೆರಗಿನ ಗಂಟಿನಿಂದ. ಅಳಿಯನ ಮರ್ಯಾದೆ ಅಲ್ಲಿಗೆ ಮುಗಿಯಿತು.

ಹೋಗುವುದಾದರೆ ಏನೇನು ಸೇರಿದೆ ಅಂತ ಬರೆಸಿಕೊಳ್ಳಿ, ವಾಟ್ಸಾಪ್‌ನಲ್ಲಾದರೂ. ಸರ್ವಿಸ್ ಚಾರ್ಜ್ ಎಷ್ಟು ಅಂತ ಬಾಯಿಬಿಟ್ಟು ಕೇಳಿ. ಮಾತ್ರೆ ಕೈಚೀಲದಲ್ಲಿರಲಿ. ಇಳಿದ ದಿನ ಬೆಳಿಗ್ಗೆ ರೈಲು ಬೇಡವೇ ಬೇಡ, ಸಂಜೆಯದ್ದು ನೋಡಿ. ಕನ್ನಡ ಮಾತಾಡಿದ ಅಂತ ಕರಗಬೇಡಿ.

ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿದ್ದೇನೆ. ಅವರು ಮೊದಲು ಕೇಳಿದ್ದೇ "ಬರವಣಿಗೆಯಲ್ಲಿ ಏನಾದರೂ ಇದೆಯಾ?" ಅಂತ. ನನ್ನ ಹತ್ತಿರ ಇರುವುದು ಅವನು ಆಮೇಲೆ ಕಳಿಸಿದ ಮೆಸೇಜುಗಳು ಮಾತ್ರ. ನಿನ್ನೆಯೂ ಒಂದು ಬಂದಿದೆ, ಸಿಂಗಾಪುರ ಕ್ರೂಸಿನ ಪೋಸ್ಟರ್. ಕೆಳಗೆ ದಪ್ಪಕ್ಷರದಲ್ಲಿ 'ಎಲ್ಲ ಸೇರಿದೆ'. ಈ ಸಲ ಬರೆದೇ ಕಳಿಸಿದ್ದಾನೆ. ತೆಗೆದಿಟ್ಟುಕೊಂಡಿದ್ದೇನೆ.